ಕದಲದ ಅಂಕಿಯೊಳಗಿನ ಹುಡುಗರು

ನಮ್ಮ ದೇಶದ ಹಳ್ಳಿಗಳಲ್ಲಿ ನೂರು ಗಂಡಸರಿದ್ದರೆ ಅವರಲ್ಲಿ ಕಾರ್ಮಿಕ ಬಲಕ್ಕೆ ಸೇರಿದವರೆಷ್ಟು? ರಾಷ್ಟ್ರೀಯ ಮಾದರಿ ಸಮೀಕ್ಷೆ 2004-05ರಲ್ಲಿ ಕೊಟ್ಟ ಉತ್ತರ 55.5. 2011-12ರಲ್ಲಿ 55.3. 2017-18ರಲ್ಲಿ 54.9. ಮಕ್ಕಳು, ಮುದುಕರೆಲ್ಲ ಸೇರಿದ ಲೆಕ್ಕವಿದು. ಹದಿಮೂರು ವರ್ಷಗಳಲ್ಲಿ ಒಂದು ಅಂಕದಷ್ಟೂ ಕದಲಿಲ್ಲ. ಹೆಂಗಸರ ಪಾಲು ಇಳಿದಾಗಲೂ ಏರಿದಾಗಲೂ ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆದರು. ಬರೆಯಬೇಕಾದದ್ದೇ. ಗಂಡಸರ ಸಾಲಿನ ಮೇಲೆ ಮಾತ್ರ ಕಣ್ಣಾಡಿಸಿ ಮುಂದೆ ಹೋದೆವು. ಹಾಗೆ ಹೋಗಬಾರದಿತ್ತು.

ಏಕೆಂದರೆ ಕಾರ್ಮಿಕ ಬಲದಲ್ಲಿ ದುಡಿಯುತ್ತಿರುವವರ ಜೊತೆಗೆ, ಕೆಲಸ ಸಿಗದೆ ಹುಡುಕುತ್ತಿರುವವರೂ ಇರುತ್ತಾರೆ. ಇಬ್ಬರನ್ನೂ ಕೂಡಿದ ಮೊತ್ತ ಹಾಗೇ ಉಳಿದು, ಒಳಗಿನದೆಲ್ಲ ಬದಲಾಗಬಹುದು. ಆದದ್ದೂ ಅದೇ. 2011-12ರಲ್ಲಿ ಹಳ್ಳಿಯ ಗಂಡಸರ ಕಾರ್ಮಿಕ ಬಲದಲ್ಲಿ ನಿರುದ್ಯೋಗಿಗಳು ಶೇ 1.7 ಇದ್ದರು. 2017-18ರಲ್ಲಿ ಶೇ 5.8. ಇನ್ನು 15ರಿಂದ 29 ವರ್ಷದವರನ್ನಷ್ಟೇ ನೋಡಿದರೆ ಶೇ 5 ಇದ್ದದ್ದು ಶೇ 17.4ಕ್ಕೆ ಏರಿತ್ತು. 2017-18ರದ್ದು ಹೊಸ ಮಾದರಿಯ ಸಮೀಕ್ಷೆ, ಹಳೆಯದಕ್ಕೆ ಹೋಲಿಸಬಾರದು ಎಂಬ ವಾದವೂ ಬಂತು. ವಿಧಾನದ ಎಚ್ಚರಿಕೆ ಬೇಕು, ಒಪ್ಪುತ್ತೇನೆ. ಆದರೆ ಮೂರು ಪಟ್ಟು ಮೀರಿದ ಏರಿಕೆಯನ್ನು ವಿಧಾನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾಗದು. ಆ ಸಮೀಕ್ಷೆಯ ವರದಿ ಹೊರಬರಲು ತಡವಾದಾಗ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ವರದಿ ಪ್ರಕಟವಾದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ, 2019ರ ಮೇ 31ರಂದು.

ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿ. ಬೀದಿಯುದ್ದಕ್ಕೂ ಕೋಚಿಂಗ್ ಸೆಂಟರುಗಳು, ಓಣಿ ಓಣಿಯಲ್ಲೂ ಬಾಡಿಗೆ ರೂಮುಗಳು. ಪದವಿ ಮುಗಿಸಿ ಪಿಎಸ್‌ಐ, ಪಿಡಿಒ, ಎಫ್‌ಡಿಎಯಂಥ ಸರ್ಕಾರಿ ಹುದ್ದೆಗಳಿಗೆಂದು ವರ್ಷಗಟ್ಟಲೆ ಓದುತ್ತ, ಅಧಿಸೂಚನೆಗೆ ಕಾಯುತ್ತ ಕೂತ ಹುಡುಗರು. ಸಮೀಕ್ಷೆಯವರು ಬಂದು ಏನು ಮಾಡ್ತಿದ್ದೀಯಪ್ಪ ಎಂದು ಕೇಳಿದರೆ, ‘ಓದಾಕತ್ತೇನ್ರೀ’ ಎಂದವನು ವಿದ್ಯಾರ್ಥಿಯ ಖಾನೆಗೆ ಬಿದ್ದು ಕಾರ್ಮಿಕ ಬಲದಿಂದ ಹೊರಗುಳಿಯಬಹುದು. ‘ನೌಕ್ರಿ ಹುಡುಕಾಕತ್ತೇನ್ರೀ’ ಎಂದವನು ಒಳಗೆ, ನಿರುದ್ಯೋಗಿಯಾಗಿ. ಅದೇ ರೂಮು, ಅದೇ ಪುಸ್ತಕ, ಅದೇ ಇಪ್ಪತ್ತಾರರ ವಯಸ್ಸು. ಇಬ್ಬರೂ ಹೇಳಿದ್ದು ನಿಜವೇ. ಊರಲ್ಲಿ ಹೊಲ ಮಾರಿ ಫೀಸು ಕಟ್ಟಿದ ಅಪ್ಪನ ಸಂಕಟಕ್ಕೆ ಎರಡೂ ಖಾನೆಗಳು ಸಾಲವು.

ಎಣಿಕೆಯ ಹೊರಗೇ ಉಳಿಯುವವರೂ ಇದ್ದಾರೆ. ಬ್ಯಾರಕ್ಕಿನಲ್ಲಿರುವ ಸೈನಿಕರು ಸಮೀಕ್ಷೆಗೆ ಸಿಗುವುದಿಲ್ಲ. ಶಿಕ್ಷೆ ಅನುಭವಿಸುತ್ತಿರುವ ಕೈದಿಗಳು, ನೆಲೆಯೇ ಇಲ್ಲದೆ ಅಲೆಯುವವರು ಕೂಡ. ಭಟ್ಕಳದಿಂದ ದುಬೈಗೆ ಹೋಗಿ ವರ್ಷಗಳಾದವನ ಹಣ ಮನೆಯ ಒಲೆ ಉರಿಸುತ್ತದೆ, ಅವನ ಹೆಸರು ಆ ಮನೆಯ ಪಟ್ಟಿಯಲ್ಲಿರುವುದಿಲ್ಲ.

ಕೆಲಸ ಎಂದರೇನು ಎಂಬ ಅಳತೆಯೂ ಒಂದಲ್ಲ. ವಾರದ ಲೆಕ್ಕದಲ್ಲಿ ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. ವರ್ಷದ ಲೆಕ್ಕದ ನಿಯಮ ಬೇರೆ. 2025ರ ಜನವರಿಯಿಂದ ಸಮೀಕ್ಷೆಯ ಮಾದರಿ ಬದಲಾಗಿದೆ, ಈಗ ತಿಂಗಳಿಗೊಮ್ಮೆ ಅಂಕಿಯೂ ಬರುತ್ತಿದೆ.

ಇಷ್ಟಾದರೂ ಸಮೀಕ್ಷೆ ಕೊಡುವುದು ಅನುಪಾತವನ್ನು. ತಲೆಗಳ ಲೆಕ್ಕ ಬೇಕಾದರೆ ಜನಸಂಖ್ಯೆಯಿಂದ ಗುಣಿಸಬೇಕು. ಜನಗಣತಿಯ ಪ್ರಕಾರ 2001ರಲ್ಲಿ ದುಡಿಯುವ ಗಂಡಸರು ಸುಮಾರು 27.5 ಕೋಟಿ, 2011ರಲ್ಲಿ ಸುಮಾರು 33.2 ಕೋಟಿ. 2021ರ ಗಣತಿ ನಡೆಯಲೇ ಇಲ್ಲ. ಅಂದಿನಿಂದ ಇಷ್ಟು ಕೋಟಿ ಕಾರ್ಮಿಕರು ಎಂದು ಯಾರು ಹೇಳಿದರೂ ಅದರ ಬುಡದಲ್ಲಿರುವುದು 2011ರ ತಲೆಯೆಣಿಕೆಯಿಂದ ಮುಂದಕ್ಕೆ ಬೆಳೆಸಿದ ಅಂದಾಜು. ಅಂದು ಹತ್ತು ವರ್ಷದವನಾಗಿದ್ದ ಹುಡುಗನೇ ಇವತ್ತು ಸಪ್ತಾಪುರದ ರೂಮಿನಲ್ಲಿರುವುದು.

ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನ. ಕೆಲಸ ಹುಡುಕುತ್ತಿದ್ದೀರಾ, ಕೆಲಸಕ್ಕೆ ಸಿದ್ಧವಿದ್ದೀರಾ ಎಂಬ ಪ್ರಶ್ನೆ ಹಿಂದಿನ ಗಣತಿಯ ನಮೂನೆಯಲ್ಲೂ ಇತ್ತು. ಅದನ್ನು ಮನೆಯ ಯಜಮಾನನಿಗಲ್ಲ, ಆ ಹುಡುಗನಿಗೇ ಕೇಳುವಂತೆ ಗಣತಿದಾರರಿಗೆ ತರಬೇತಿ ಕೊಡಬೇಕು. ಉತ್ತರಗಳನ್ನು ವಯಸ್ಸುವಾರು, ಜಿಲ್ಲಾವಾರು ಬಿಡಿಸಿ ಬೇಗ ಪ್ರಕಟಿಸಬೇಕು. ಯಾದಗಿರಿಯಲ್ಲಿ ಎಷ್ಟು ಮಂದಿ ಕಾಯುತ್ತಿದ್ದಾರೆ, ಧಾರವಾಡದಲ್ಲಿ ಎಷ್ಟು ಮಂದಿ ಎಂದು ತಿಳಿಯದೆ ನೇಮಕಾತಿಯ ವೇಳಾಪಟ್ಟಿಯನ್ನಾಗಲಿ ಕೈಗಾರಿಕೆಯ ನೀತಿಯನ್ನಾಗಲಿ ಯಾವ ಸರ್ಕಾರವೂ ಪ್ರಾಮಾಣಿಕವಾಗಿ ಬರೆಯಲಾರದು.