ಮರುಮೌಲ್ಯಮಾಪನ

ಕವಿಯೊಬ್ಬರ ಸಮಗ್ರ ಕಾವ್ಯ ಪ್ರಕಟವಾದರೆ ಅದನ್ನು ಗೌರವವೆಂದು ಭಾವಿಸುತ್ತೇವೆ. ಸಂಗೀತಗಾರರ ಹಳೆಯ ಹಾಡುಗಳ ಸಂಕಲನ ಬಂದರೆ ಮಾತ್ರ ವ್ಯಾಪಾರದ ಉಪಾಯವೆಂದು ತಳ್ಳಿಹಾಕುವವರೇ ಹೆಚ್ಚು. ಒಮ್ಮೆ ಚೆನ್ನಾಗಿ ಮಾರಾಟವಾದದ್ದನ್ನೇ ಮತ್ತೆ ಮಾರುವ ಸಂಕಲನಗಳ ಮಟ್ಟಿಗೆ ಈ ಆಕ್ಷೇಪ ಸರಿಯೇ. ಆದರೆ ಮೊದಲ ಸಲವೇ ಯಾರೂ ಕಿವಿಗೊಟ್ಟು ಕೇಳದವರ ಸಂಕಲನದ ಮಾತು ಬೇರೆ. ಇಂಗ್ಲೆಂಡಿನ ಸ್ಲೋಡೈವ್ ತಂಡದ ಹಾಡುಗಳು 2004ರಲ್ಲಿ ಎರಡು ಸಿ.ಡಿ.ಗಳಲ್ಲಿ ‘ಕ್ಯಾಚ್ ದ ಬ್ರೀಜ್’ ಎಂಬ ಹೆಸರಿನಿಂದ ಬಂದದ್ದು ಇದಕ್ಕೆ ಒಳ್ಳೆಯ ನಿದರ್ಶನ.

ಲಂಡನ್ನಿನ ಪಶ್ಚಿಮಕ್ಕಿರುವ ರೀಡಿಂಗ್ ಪಟ್ಟಣದಲ್ಲಿ, ಬಾಲ್ಯದ ಗೆಳೆಯರಾದ ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗೋಸ್ವೆಲ್ 1989ರಲ್ಲಿ ಕಟ್ಟಿದ ತಂಡವಿದು. ಆಗ ಅವರ ವಯಸ್ಸು ಇಪ್ಪತ್ತರ ಆಸುಪಾಸು. ಗಿಟಾರಿನ ನಾದವನ್ನು ಕಾಲಬಳಿಯ ಪೆಡಲ್‌ಗಳ ಮೂಲಕ ಹಾಯಿಸಿ, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿಯನ್ನು ಪೇರಿಸಿ, ಹಾಡುವ ದನಿಯನ್ನು ಆ ಮೊರೆತದಲ್ಲಿ ಅರ್ಧ ಮುಳುಗಿಸುವುದು ಅವರ ರೀತಿ. ಪೆಡಲ್‌ಗಳನ್ನು ನೋಡುತ್ತ ತಲೆ ತಗ್ಗಿಸಿ ನಿಲ್ಲುತ್ತಿದ್ದ ಇಂಥ ತಂಡಗಳನ್ನು ಬ್ರಿಟಿಷ್ ಪತ್ರಿಕೆಗಳು ಬೂಟು ದಿಟ್ಟಿಸುವವರೆಂದು ಹಂಗಿಸಿದವು. ಆ ಹಂಗಿನ ಮಾತಾದ ‘ಶೂಗೇಜ್’ ಎಂಬುದೇ ಸಂಗೀತಪ್ರಕಾರದ ಹೆಸರಾಗಿ ನಿಂತಿತು.

1991ರ ‘ಜಸ್ಟ್ ಫಾರ್ ಎ ಡೇ’ ಇವರ ಮೊದಲ ಆಲ್ಬಂ. 1993ರ ‘ಸುವ್ಲಾಕಿ’ಯಲ್ಲಿ ಬ್ರಯಾನ್ ಈನೋ ಅವರಂಥ ಹಿರಿಯರು ಕೈಜೋಡಿಸಿದ್ದರು. ಆದರೂ ‘ಮೆಲೊಡಿ ಮೇಕರ್’ ಪತ್ರಿಕೆಯ ವಿಮರ್ಶಕರು, ಇದನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ತೊಟ್ಟಿಯಲ್ಲಿ ಉಸಿರುಗಟ್ಟಿ ಮುಳುಗುವುದೇ ಲೇಸು ಎಂಬರ್ಥದಲ್ಲಿ ಬರೆದರು. 1995ರಲ್ಲಿ, ಸದ್ದಿಗಿಂತ ಮೌನವೇ ಹೆಚ್ಚಾಗಿದ್ದ ‘ಪಿಗ್ಮೇಲಿಯನ್’ ಬಂದ ಬೆನ್ನಲ್ಲೇ ಕ್ರಿಯೇಷನ್ ರೆಕಾರ್ಡ್ಸ್ ಸಂಸ್ಥೆ ತಂಡವನ್ನು ಕೈಬಿಟ್ಟಿತು. ಅದೇ ಸಂಸ್ಥೆಯ ಒಯಾಸಿಸ್ ತಂಡದ ಮೊದಲ ಆಲ್ಬಂ 1994ರಲ್ಲಿ ಮನೆಮಾತಾಗಿತ್ತು. ಗಾಳಿ ಬಂದ ಕಡೆಗೆ ತೂರಿಕೊಳ್ಳುವುದು ಎಲ್ಲ ದೇಶದ ವ್ಯಾಪಾರಿಗಳ ಧರ್ಮ.

ವರ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿದವನಾಗಿ ಒಂದು ಮಾತು ಹೇಳಬಲ್ಲೆ. ಅಂಕ ಕಡಿಮೆ ಕೊಡುವುದು ತಪ್ಪಲ್ಲ; ಅಂಚಿನಲ್ಲಿ ಗೇಲಿ ಬರೆಯುವುದು ಮೌಲ್ಯಮಾಪನವಲ್ಲ. ಮೊದಲ ಆಲ್ಬಮ್ಮಿನ ಸಾಹಿತ್ಯ ತೆಳುವಾಗಿದೆ, ಒಂದು ಹಾಡಿನಿಂದ ಇನ್ನೊಂದನ್ನು ಬೇರ್ಪಡಿಸುವುದು ಕಷ್ಟವೆಂದು ಬರೆದಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಗಂಜಿಯ ತೊಟ್ಟಿಯ ಮಾತಿನಿಂದ ನಮಗೆ ತಿಳಿಯುವುದು ವಿಮರ್ಶಕರ ಚಮತ್ಕಾರವೇ ಹೊರತು ಹಾಡಿನ ಗುಣದೋಷವಲ್ಲ. ಇವರದು ಬರಿಯ ಸದ್ದೆಂದವರಿಗೆ ‘ಗೋಲ್ಡನ್ ಹೇರ್’ ಹಾಡಿನ ಹಿನ್ನೆಲೆ ನೆನಪಿಗೆ ಬರಲಿಲ್ಲವೇನೋ. ಜೇಮ್ಸ್ ಜಾಯ್ಸ್ 1907ರಲ್ಲಿ ಪ್ರಕಟಿಸಿದ ಕವಿತೆಗೆ ಸಿಡ್ ಬ್ಯಾರೆಟ್ ರಾಗ ಹಾಕಿ 1970ರಲ್ಲಿ ಹೊರತಂದರು. ಅದನ್ನೇ ಈ ಯುವಕರು 1991ರಲ್ಲಿ ತಮ್ಮ ರೀತಿಯಲ್ಲಿ ಹಾಡಿದ್ದರು.

ಇಂಥ ಅಪಹಾಸ್ಯಕ್ಕೆ ವಾದದಿಂದ ಉತ್ತರ ಕೊಡಲಾಗದು. ಕೃತಿಗಳನ್ನೇ ಒಟ್ಟಾಗಿ ಮುಂದಿಡಬೇಕು. ಸಂಕಲನದ ಉಪಯೋಗವಿರುವುದು ಇಲ್ಲಿ. ಆರಂಭದ ದಟ್ಟ ಮೋಡದಂಥ ನಾದದಿಂದ ‘ಪಿಗ್ಮೇಲಿಯನ್’ನ ಬಯಲಿನವರೆಗೆ ಐದಾರು ವರ್ಷಗಳಲ್ಲಿ ಇವರು ನಡೆದ ದಾರಿ ಒಂದೆರಡು ದಿನಗಳ ಕೇಳ್ಮೆಯಲ್ಲೇ ಸ್ಪಷ್ಟವಾಗುತ್ತದೆ. ಎಲ್ಲವೂ ಒಂದೇ ಬಗೆ ಎಂಬ ಆರೋಪ ಅಲ್ಲಿಗೆ ಬಿದ್ದುಹೋಗುತ್ತದೆ. ಸಂಕಲನಕ್ಕೆ ಅದರದೇ ಮಿತಿಯೂ ಇದೆ. ‘ಪಿಗ್ಮೇಲಿಯನ್’ ಇಡಿಯಾಗಿ ಕೇಳಬೇಕಾದ ಕೃತಿ. ಅದರಿಂದ ಹಾಡುಗಳನ್ನು ಬಿಡಿಯಾಗಿ ಆರಿಸಿದರೆ ಖಂಡಕಾವ್ಯದಿಂದ ನಾಲ್ಕು ಪದ್ಯ ಕಿತ್ತಂತೆ. ಸಂಕಲನವು ಬಾಗಿಲೇ ಹೊರತು ಮನೆಯಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೂ ಒಪ್ಪುತ್ತದೆ. ಈ ಸಂಕಲನಕ್ಕೂ ಮೊದಲೇ, 2002ರಲ್ಲಿ, ಬರ್ಲಿನ್ನಿನ ಮೋರ್ ಮ್ಯೂಸಿಕ್ ಸಂಸ್ಥೆ ಇತರ ಕಲಾವಿದರಿಂದ ಸ್ಲೋಡೈವ್ ಹಾಡುಗಳನ್ನು ಹಾಡಿಸಿ ಗೌರವಿಸಿತ್ತು. 2014ರಲ್ಲಿ ತಂಡ ಮತ್ತೆ ಕೂಡಿತು. 2017ರಲ್ಲಿ ಹೊಸ ಆಲ್ಬಂ ಬಂತು. 2023ರ ‘ಎವೆರಿಥಿಂಗ್ ಈಸ್ ಅಲೈವ್’ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೇರಿತು.

ಆದರೆ ಪ್ರತಿಭೆಗೆ ಎಂದಾದರೂ ಮನ್ನಣೆ ಸಿಕ್ಕೇ ಸಿಗುತ್ತದೆ ಎಂಬ ನೀತಿಪಾಠವನ್ನು ಇದರಿಂದ ತೆಗೆಯಲು ನಾನು ಸಿದ್ಧನಿಲ್ಲ. 1995ರಿಂದ 2017ರವರೆಗಿನ ಇಪ್ಪತ್ತೆರಡು ವರ್ಷಗಳಲ್ಲಿ ಈ ತಂಡ ಮಾಡಬಹುದಾಗಿದ್ದ ಸಂಗೀತವನ್ನು ಯಾವ ಸಂಕಲನವೂ ತಂದುಕೊಡದು. ಹಾಲ್‌ಸ್ಟೆಡ್ ಮತ್ತು ಗೋಸ್ವೆಲ್ ‘ಮೊಹಾವೆ 3’ ಎಂಬ ಬೇರೆ ತಂಡ ಕಟ್ಟಿ ದುಡಿದರು, ಅದು ಅವರ ಛಲ. ಅದೇ ಗೇಲಿಗೆ ಕುಗ್ಗಿ ವಾದ್ಯವನ್ನೇ ಕೆಳಗಿಟ್ಟವರ ಹಾಡುಗಳನ್ನು ಯಾರು ಸಂಕಲಿಸುತ್ತಾರೆ? ಮರುಮೌಲ್ಯಮಾಪನ ಒಳ್ಳೆಯದೇ. ಆದರೆ ಎಳೆಯರ ಕೆಲಸವನ್ನು ಮೊದಲ ಸಲವೇ ತಾಳ್ಮೆಯಿಂದ ನೋಡುವುದು ಅದಕ್ಕಿಂತ ಒಳ್ಳೆಯದು.