ಶಾಂತಿ ಸಭೆಯಲ್ಲಿ ಮಹಿಳೆಗೆ ಕುರ್ಚಿ ಎಲ್ಲಿ?

ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ ಹೆಣ್ಣನ್ನು ಸಹನಾಮೂರ್ತಿ, ಶಾಂತಿಯ ಪ್ರತಿರೂಪ ಎಂದು ಕೊಂಡಾಡುವುದು ವಾಡಿಕೆ. ಆದರೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಮಹಿಳೆಯರು ಶಾಂತಿ ತಂದದ್ದು ಸಹನೆಯಿಂದಲ್ಲ, ಹಠದಿಂದ.

1989ರಲ್ಲಿ ಆರಂಭಗೊಂಡು, ನಡುವೆ ಅಲ್ಪ ಬಿಡುವು ಕೊಟ್ಟು 2003ರ ತನಕ ನಡೆದ ಅಂತರ್ಯುದ್ಧದಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಬಲಿಯಾದರೆಂದು ಅಂದಾಜು. ಎಳೆಯ ಹುಡುಗರ ಕೈಗೂ ಬಂದೂಕು ಬಂದಿತ್ತು. 2003ರಲ್ಲಿ ಲೇಮಾ ಗ್ಬೋವಿ ಅವರ ಮುಂದಾಳುತನದಲ್ಲಿ ಕ್ರೈಸ್ತ, ಮುಸ್ಲಿಂ ಮಹಿಳೆಯರು ಒಂದಾಗಿ, ಬಿಳಿ ಬಟ್ಟೆ ತೊಟ್ಟು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ ಬಿಸಿಲು ಮಳೆಯೆನ್ನದೆ ಧರಣಿ ಕುಳಿತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಓಡಾಡುವ ದಾರಿ ಅದು. ಒತ್ತಡ ಹೆಚ್ಚಿದಾಗ ಆತ ಮಾತುಕತೆಗೆ ಒಪ್ಪಲೇಬೇಕಾಯಿತು.

ಘಾನಾದಲ್ಲಿ ನಡೆದ ಮಾತುಕತೆಯಲ್ಲಾದರೂ ಏನಾಯಿತು? ಬಣಗಳ ನಾಯಕರು ಹೋಟೆಲುಗಳಲ್ಲಿ ತಂಗಿ, ಅಧಿಕಾರ ಹಂಚಿಕೆಯ ಚೌಕಾಸಿಯಲ್ಲಿ ವಾರಗಟ್ಟಲೆ ಕಳೆದರು. ಅತ್ತ ಮನ್ರೋವಿಯಾದಲ್ಲಿ ಶೆಲ್‌ಗಳು ಬೀಳುತ್ತಲೇ ಇದ್ದವು. ಜುಲೈಯಲ್ಲಿ ಮಹಿಳೆಯರು ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕುಳಿತು, ಇತ್ಯರ್ಥವಾಗದೆ ಯಾರನ್ನೂ ಹೊರಬಿಡುವುದಿಲ್ಲವೆಂದರು. ಬಂಧಿಸಲು ಬಂದಾಗ ಗ್ಬೋವಿ ಮೈಮೇಲಿನ ಬಟ್ಟೆ ಕಳಚಲು ಮುಂದಾದರು. ತಾಯಿಯಾದವಳು ಹಾಗೆ ಮಾಡಿದರೆ ಅಲ್ಲಿ ಘೋರ ಶಾಪವೆಂದೇ ನಂಬಿಕೆ. ಸಿಬ್ಬಂದಿ ಹಿಂದೆ ಸರಿದರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಶಾಂತಿ ಮಾತುಕತೆಗಳಲ್ಲಿ ಮಹಿಳೆಯರಿಗೆ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಅಂಗೀಕರಿಸಿದ್ದು 2000ರ ಅಕ್ಟೋಬರಿನಲ್ಲಿ. ಮೂರು ವರ್ಷಗಳ ನಂತರವೂ ಈ ತಾಯಂದಿರಿಗೆ ಸಿಕ್ಕಿದ್ದು ಬಾಗಿಲ ಹೊರಗಿನ ನೆಲ! ಸಭೆಗೆ ಪೂರ್ಣಕುಂಭ ಹಿಡಿಯಲು ಮಹಿಳಾ ವಿಭಾಗ ಬೇಕು, ಠರಾವು ಮಂಡಿಸುವಾಗ ಬೇಡ ಎನ್ನುವ ಸಂಘಗಳಿಗೂ ಇದು ಅಪರಿಚಿತ ಚಿತ್ರವೇನಲ್ಲ.

ಸಹಿಯೊಂದಿಗೆ ಕೆಲಸ ಮುಗಿಯಲಿಲ್ಲ. 2005ರ ಚುನಾವಣೆಗೆ ಮುನ್ನ ಇದೇ ಮಹಿಳೆಯರು ಮತದಾರರ ಪಟ್ಟಿಗೆ ಹೆಂಗಸರ ಹೆಸರು ಸೇರಿಸಲು ಊರೂರು ಅಲೆದರು. ಎಲೆನ್ ಜಾನ್ಸನ್ ಸರ್ಲೀಫ್ ಆಫ್ರಿಕಾದ ಪ್ರಥಮ ಚುನಾಯಿತ ಮಹಿಳಾ ಅಧ್ಯಕ್ಷರಾದರು. 2011ರಲ್ಲಿ ಯೆಮೆನ್‌ನ ತವಕ್ಕುಲ್ ಕರ್ಮಾನ್ ಜೊತೆ ಇವರಿಬ್ಬರಿಗೂ ನೊಬೆಲ್ ಶಾಂತಿ ಪುರಸ್ಕಾರ ಬಂತು.

ಇದರಲ್ಲಿ ಭಾರತೀಯ ಮಹಿಳೆಯರ ದುಡಿಮೆಯೂ ಸೇರಿದೆ. 2007ರಲ್ಲಿ ಸಿ.ಆರ್.ಪಿ.ಎಫ್.ನ ನೂರಕ್ಕೂ ಹೆಚ್ಚು ಮಹಿಳೆಯರ ತುಕಡಿ ವಿಶ್ವಸಂಸ್ಥೆಯ ಪರವಾಗಿ ಲೈಬೀರಿಯಾಕ್ಕೆ ಹೋಯಿತು. ಮಹಿಳೆಯರದೇ ಆದ ಇಂಥ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲು. ತಂಡಗಳು ಬದಲಾಗುತ್ತಾ 2016ರ ತನಕ ಅಲ್ಲಿ ಗಸ್ತು ತಿರುಗಿದವು. ಮುಂದಿನ ಮಾರ್ಚ್ 8ಕ್ಕೆ ಮುಖ್ಯ ಅತಿಥಿಯನ್ನು ಹುಡುಕುವ ಮಹಿಳಾ ವಿಭಾಗಗಳು ಆ ತಂಡಗಳಲ್ಲಿದ್ದ ಒಬ್ಬರನ್ನು ಕರೆಸಲಿ. ಕೇಳಲು ಸಂಘದ ಪದಾಧಿಕಾರಿಗಳೂ ಮುಂದಿನ ಸಾಲಿನಲ್ಲಿ ಕುಳಿತಿರಲಿ.