ಗಟಾರವಿಲ್ಲದ ಗಟ್ಟಿ ಮನೆಗಳು

2005, 2019, 2021ರ ಮಳೆಗಾಲಗಳನ್ನು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಜನರು ಮರೆಯಲಾರರು. 2019ರ ಆಗಸ್ಟದಲ್ಲಂತೂ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲೂಕುಗಳ ಹೊಳೆಸಾಲಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆನೆನೆದು ಕುಸಿದುಬಿದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸರಕಾರವು ಸಾರಿತು. ಮಣ್ಣಿದ್ದಲ್ಲಿ ಕಾಂಕ್ರೀಟು ಎದ್ದಿತು. ಇದು ಸ್ತುತ್ಯವೇ ಸರಿ. ಆದರೆ ನೀರಿಗೆ ಹೆದರಿ ಕಟ್ಟಿದ ಮನೆಯನ್ನು ನೀರು ಬಿಟ್ಟಿತೆ?

ಮಹಾಪೂರವು ಬಂದು ಇಳಿದು ಹೋಗುತ್ತದೆ. ಬಚ್ಚಲ ನೀರೂ ಓಣಿಯ ಮಳೆನೀರೂ ಹೋಗಲು ದಾರಿಯಿಲ್ಲದೆ ಗೋಡೆಯ ಬುಡದಲ್ಲಿಯೇ ನಿಲ್ಲುತ್ತವೆ. ಈ ಸೀಮೆಯದು ಬಹುತರವಾಗಿ ಎರೆಭೂಮಿ. ನೀರುಂಡರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಅದರ ಸ್ವಭಾವ. ಮನೆಯ ಒಂದು ಮೂಲೆಯು ಸದಾ ಹಸಿಯಾಗಿದ್ದು ಇನ್ನೊಂದು ಒಣಗಿದರೆ ಗೋಡೆ ಸೀಳದೆ ಏನು ಮಾಡೀತು? ನೀರಾವರಿಯ ಕಬ್ಬಿನ ನೆಲದಲ್ಲಿ ಸವಳೂ ಉಂಟು. ಆ ಉಪ್ಪು ತೇವದೊಡನೆ ಇಟ್ಟಿಗೆಯೊಳಗೆ ಏರಿ ಗಿಲಾವನ್ನು ಉದುರಿಸುತ್ತದೆ. ಕಾಂಕ್ರೀಟಿನೊಳಗಿನ ಸಲಾಕೆಯನ್ನು ಮುಟ್ಟಿತೆಂದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಒಡೆಯುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬದುಕುವ ಹೆಣ್ಣುಮಕ್ಕಳಿಗೆ ಮನೆಯೇ ಕಾರಖಾನೆ. ಒದ್ದೆ ನೆಲದ ಮೇಲೆ ಎಲೆ ತಂಬಾಕುಗಳನ್ನು ಅವರು ಎಲ್ಲಿಡಬೇಕು?

ಸವಳು ಹತ್ತಿದ ಹೊಲಕ್ಕೆ ಬಸಿಗಾಲುವೆ ಬೇಕೆಂಬುದನ್ನು ಇಲ್ಲಿಯ ಒಕ್ಕಲಿಗನಿಗೆ ಯಾವ ಇಂಜಿನಿಯರನೂ ಕಲಿಸಬೇಕಾದುದಿಲ್ಲ. ಕಬ್ಬಿಗೆ ಸಲ್ಲುವ ಈ ಮರ್ಯಾದೆ ಮನುಷ್ಯನಿಗೇಕೆ ಸಲ್ಲದು?

ಉತ್ತರವು ಹಣ ಬಿಡುವ ರೀತಿಯಲ್ಲಿಯೇ ಇದೆ. ತಳಪಾಯವಾಯಿತೆ, ಗೋಡೆಯೆದ್ದಿತೆ, ಛಾವಣಿ ಬಿದ್ದಿತೆ ಎಂದು ಹಂತಹಂತವಾಗಿ ನೋಡಿ ಕಂತು ಕೊಡುತ್ತಾರೆ. ನೀರೆತ್ತ ಹೋಗುವುದೆಂದು ಕೇಳುವ ಹಂತವೇ ಅದರಲ್ಲಿಲ್ಲ. ಕಟ್ಟಡದ ರಾಷ್ಟ್ರೀಯ ಸಂಹಿತೆಯು ಮನೆಯ ತಳವು ಸುತ್ತಣ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಮೇಲಿರಬೇಕೆನ್ನುತ್ತದೆ. ಹಾಗೆಯೇ ಕಟ್ಟಿದರೂ, ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸ ಸಿಸಿ ರಸ್ತೆಯನ್ನು ಹಾಸುತ್ತ ಬಂದರೆ, ನಾಲ್ಕು ಚುನಾವಣೆಗಳಲ್ಲಿ ಓಣಿ ಮೇಲಾಗಿ ಮನೆ ತಗ್ಗಿಗಿಳಿಯುತ್ತದೆ. ಗಟಾರವಿದ್ದಲ್ಲಿಯೂ ಅದು ಓಣಿಯ ತುದಿಯಲ್ಲಿ ಮುಗಿಯುತ್ತದೆಯೇ ಹೊರತು ಹಳ್ಳವನ್ನು ಸೇರುವುದಿಲ್ಲ.

1993ರ ಪಂಚಾಯತ ರಾಜ್ಯ ಕಾನೂನು ಚರಂಡಿಯ ಪಾಲನೆಯನ್ನು ಗ್ರಾಮ ಪಂಚಾಯತಿಯ ಕರ್ತವ್ಯಗಳಲ್ಲಿ ಎಣಿಸಿದೆ. ಆದುದರಿಂದ ಗಟಾರದ ವೆಚ್ಚವನ್ನು ಮನೆ ಕಳಕೊಂಡ ಬಡವನ ಐದು ಲಕ್ಷದಲ್ಲಿ ಹಿಡಿಯಕೂಡದು. ಸರಕಾರವು ಅದನ್ನು ಬೇರೆಯಾಗಿಯೇ ಕೊಡತಕ್ಕದ್ದು. ಹೊಸ ವಸತಿಯಲ್ಲಿ ಮೊದಲು ನೆಲದ ಇಳಿಜಾರನ್ನಳೆದು ಗಟಾರ ತೋಡಲಿ, ಆಮೇಲೆ ತಳಪಾಯಕ್ಕೆ ಗುದ್ದಲಿ ಬೀಳಲಿ. ಹಳೆಯ ಓಣಿಯಲ್ಲಿ ರಸ್ತೆಯನ್ನು ಅಗೆದ ಹೊರತು ಹೊಸ ರಸ್ತೆಗೆ ಮಂಜೂರಿ ಕೊಡದಿರಲಿ. ಬರುವ ಮಳೆಗಾಲಕ್ಕೆ ಮುನ್ನ ಈ ಐದೂ ತಾಲೂಕುಗಳ ಪ್ರತಿಯೊಂದು ಪಂಚಾಯತಿಯು, ಯಾವ ಓಣಿಯ ನೀರು ಯಾವ ಹಳ್ಳಕ್ಕೆ ಕೂಡುವುದೆಂಬ ನಕ್ಷೆಯನ್ನು ತನ್ನ ಚಾವಡಿಯ ಗೋಡೆಗೆ ಹಚ್ಚಲಿ.